ನಡುಗೋಡೆಯ ಕುಂಬಾರ ಹುಳ

ಒಂದು ವಿಷಯ ಸರಿಯಾಗಿ ಗೊತ್ತಿರುವುದು ಶಿಕ್ಷೆ ಎಂದು ಈಚೆಗೆ ನನಗೆ ಅನ್ನಿಸತೊಡಗಿದೆ. ಗೊತ್ತಿಲ್ಲದವರು ಸುಖವಾಗಿದ್ದಾರೆ. ರೆಕ್ಕೆ ಇರುವುದನ್ನೆಲ್ಲ ಹುಳ ಎನ್ನುತ್ತಾರೆ, ಕಸಬರಿಗೆಯಿಂದ ಒಂದು ಬಿಗಿಯುತ್ತಾರೆ, ರೊಟ್ಟಿ ಬಡಿಯಲು ಹೋಗುತ್ತಾರೆ. ನನಗೆ ಆ ಭಾಗ್ಯ ಇಲ್ಲ. ಎಲ್ಲಾದರೂ ಗುಂಯ್ ಎಂದರೆ ಸಾಕು, ಕೈಯಲ್ಲಿದ್ದ ಸೌಟು ಅಲ್ಲೇ ನಿಲ್ಲುತ್ತದೆ. ಬಂದದ್ದು ಜೇನಿನ ಪೈಕಿಯೋ, ಕಣಜದ ಪೈಕಿಯೋ, ಇಲ್ಲವೇ ಜೇನಿನ ವೇಷ ಹಾಕಿದ ನೊಣವೋ ಎಂದು ತೀರ್ಮಾನವಾಗುವವರೆಗೆ ಒಲೆಯ ಮೇಲಿನ ಒಗ್ಗರಣೆಯ ಜವಾಬ್ದಾರಿ ನನ್ನದಲ್ಲ. ನಮ್ಮ ಮನೆಯವರು ಎಷ್ಟೋ ಸಲ ಸೀದ ಒಗ್ಗರಣೆಯ ಬೇಳೆ ಉಂಡು ಯಾದಗಿರಿಯ ಬಸ್ಸು ಹತ್ತಿದ್ದಾರೆ. ಪಾಪ, ಮಾತಾಡುವುದಿಲ್ಲ. ಮಾತಾಡಿದರೆ ಕಣಜದ ಬಗ್ಗೆ ಇನ್ನೊಂದು ಪಾಠ ಕೇಳಬೇಕಾದೀತು ಎಂಬ ಭಯ ಅವರಿಗೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಶಹಾಪುರದಲ್ಲಿ ಬಾಡಿಗೆ ಮನೆ, ದೇವಾಪುರದ ದಾರಿಯಲ್ಲಿ ಶಾಲೆ, ಯಾದಗಿರಿಯಲ್ಲಿ ಗಂಡನ ಆಫೀಸು, ಸುರಪುರದಲ್ಲಿ ಅತ್ತೆ. ಬೆಳಿಗ್ಗೆ ನಾವಿಬ್ಬರೂ ಒಂದೇ ಬಸ್ ಸ್ಟ್ಯಾಂಡಿಗೆ ಹೋಗಿ ಎದುರುಬದುರು ದಿಕ್ಕಿನ ಬಸ್ಸು ಹತ್ತುತ್ತೇವೆ. ಈ ಓಡಾಟದಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದಾಗಲೇ ಹುಳದ ಹುಚ್ಚು ಅಂಟಿಕೊಂಡದ್ದು. ಬಸ್ಸು ಕೆಟ್ಟು ಕುಸುಬಿಯ ಹೊಲದ ಪಕ್ಕ ನಿಂತ ಒಂದು ದಿನ, ಕಂಡಕ್ಟರ್ ಯಾರಿಗೋ ಫೋನು ಮಾಡುತ್ತಿದ್ದಾಗ, ನಾನು ಇಳಿದು ಹೂವಿನ ಮೇಲೆ ಕುಳಿತ ನೀಲಿ ಪಟ್ಟೆಯ ಒಂದು ಜೇನನ್ನು ನೋಡಿದೆ. ಹೊಟ್ಟೆಯ ಮೇಲೆ ಆಕಾಶದ ಬಣ್ಣದ ಗೆರೆಗಳು. ಇಷ್ಟು ಚೆಂದದ ಪ್ರಾಣಿಗೆ ನಮ್ಮೂರಲ್ಲಿ ಹೆಸರೇ ಇಲ್ಲ ಎಂದು ತಿಳಿದಾಗ ನನಗೆ ಯಾಕೋ ಅವಮಾನವಾಯಿತು. ಅಂದಿನಿಂದ ನಾನು ಹುಳ ನೋಡುತ್ತೇನೆ, ಮಂದಿ ನನ್ನನ್ನು ನೋಡುತ್ತಾರೆ.

ನಮ್ಮ ಕಡೆ ವಸಂತ ಎನ್ನುವುದು ಹೆಚ್ಚಾಗಿ ಪಂಚಾಂಗದಲ್ಲೇ ಇರುತ್ತದೆ. ಶಿವರಾತ್ರಿ ಮುಗಿದು ಚಳಿ ಹೋಯಿತಲ್ಲ ಎಂದು ಕೌದಿ ಮಡಚಿಡುವಷ್ಟರಲ್ಲಿ ಬಿಸಿಲು ಬಂದು ನೆತ್ತಿಯ ಮೇಲೆ ಕುಳಿತಿರುತ್ತದೆ. ಈ ಎರಡರ ನಡುವಿನ ಸಣ್ಣ ಸಂದಿಯಲ್ಲಿ ಬೇವು ಹೂ ಬಿಡುತ್ತದೆ, ಹೊಂಗೆ ಚಿಗುರುತ್ತದೆ, ಕಾಡುಜೇನು ಕಣಜಗಳೆಲ್ಲ ತಮ್ಮ ತಮ್ಮ ಸಂಸಾರ ಹೂಡಲು ಹೊರಡುತ್ತವೆ. ಮೈಮೇಲೆ ರೋಮ, ಹಿಂಗಾಲಲ್ಲಿ ಹಳದಿ ಪುಡಿ ಇದ್ದರೆ ಜೇನು. ಮೈ ನುಣ್ಣಗೆ, ಸೊಂಟ ಇದೆಯೋ ಇಲ್ಲವೋ ಎನ್ನುವಂತಿದ್ದರೆ ಕಣಜ. ಎರಡೇ ರೆಕ್ಕೆ, ದೊಡ್ಡ ಕಣ್ಣು, ಮುಖದಲ್ಲಿ ಸುಳ್ಳು ಹೇಳುವವರ ಗಾಂಭೀರ್ಯ ಇದ್ದರೆ ನೊಣ. ಇಷ್ಟೇ. ಇದನ್ನು ನಾನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೋ, ಆದರೂ ನಮ್ಮ ಗಣಿತದ ಮೇಷ್ಟ್ರು ಕಿಟಕಿಯಲ್ಲಿ ಬಂದ ನೊಣವನ್ನು ಜೇನು ಎಂದೇ ಕರೆಯುತ್ತಾರೆ. ನಾನು ತಿದ್ದಿದರೆ, “ಇರ್ಲಿ ಬಿಡ್ರಿ ಅಕ್ಕೋರ, ಅದಕ್ಕೇನ ಸಿಟ್ಟ ಬರ್ತದೇನು” ಎನ್ನುತ್ತಾರೆ. ಫೋಟೋ ತೋರಿಸಿದರೆ ಹೆಸರು ಹೇಳುವ ಒಂದು ಆ್ಯಪನ್ನು ಫೋನಿಗೆ ಹಾಕಿಸಿಕೊಂಡೆ. ಅದು ನಮ್ಮ ಜಂತಿ ಕೊರೆಯುವ ಕರಿ ದುಂಬಿಯನ್ನು ನೋಡಿ, ಇದು ಬಹುಶಃ ಒಂದು ಸಸ್ಯ ಎಂದು ಹೇಳಿತು. ಅದನ್ನು ತೆಗೆದು ಹಾಕಿದೆ.

ನಮ್ಮ ಮಂದಿಗೆ ಹುಳದ ಬಗ್ಗೆ ಇರುವುದು ಎರಡೇ ಪ್ರಶ್ನೆ. ನಾನು ಬೇವಿನ ಗಿಡದ ಕೆಳಗೆ ಕತ್ತು ನೋಯುವಂತೆ ನಿಂತು ಏನಾದರೂ ತೋರಿಸಿದರೆ ಮೊದಲು, “ಕಡೀತದೇನ್ರಿ?” ಎಂದು ಕೇಳುತ್ತಾರೆ. ಆಮೇಲೆ, “ಜೇನ ಕೊಡ್ತದೇನ್ರಿ?” ಕಡಿಯುವುದಿಲ್ಲ, ಕೊಡುವುದೂ ಇಲ್ಲ ಎಂದರೆ ಮುಖದ ಮೇಲಿನ ಆಸಕ್ತಿ ಆರಿಹೋಗುತ್ತದೆ. ಮತ್ತೆ ಯಾಕೆ ಇದೆ ಅದು, ಎನ್ನುವಂತೆ ನನ್ನನ್ನು ನೋಡುತ್ತಾರೆ. ಹೆಣ್ಣುಮಕ್ಕಳನ್ನೂ ಅವರು ಇದೇ ಎರಡು ಪ್ರಶ್ನೆಯಲ್ಲಿ ಮುಗಿಸುತ್ತಾರೆ ಎಂಬುದು ನನಗೆ ಮದುವೆಯಾದ ಮೇಲೆ ತಿಳಿಯಿತು.

ಭಾನುವಾರ ಬೆಳಿಗ್ಗೆ ಕಾಲುವೆಯ ದಾರಿಗೆ ಹೋಗುತ್ತೇನೆ. ಅಲ್ಲಿ ಜಾಲಿಯ ಪೊದೆಗಳಲ್ಲಿ ಕಡ್ಡಿಜೇನು ಕಟ್ಟುತ್ತದೆ, ಏರಿಯ ಮಣ್ಣಿನಲ್ಲಿ ಒಂಟಿ ಜೇನುಗಳು ಬಿಲ ಕೊರೆಯುತ್ತವೆ. ಅವನ್ನು ನೋಡಬೇಕಾದರೆ ಕುಕ್ಕುರುಗಾಲಲ್ಲಿ ಕೂರಬೇಕು. ಬಾಯಾರಿಕೆಗೆಂದು ಕೈಯಲ್ಲಿ ನೀರಿನ ಬಾಟಲಿ ಬೇರೆ. ಮುಂಜಾನೆಯ ಹೊತ್ತಿನಲ್ಲಿ ಒಬ್ಬ ಹೆಂಗಸು ಬಾಟಲಿ ಹಿಡಿದು ಪೊದೆಯ ಮರೆಯಲ್ಲಿ ಕುಳಿತಿದ್ದರೆ ದಾರಿಯಲ್ಲಿ ಬರುವ ಮರ್ಯಾದಸ್ಥರು ಏನು ತಿಳಿದುಕೊಳ್ಳಬೇಕು? ಕೆಮ್ಮುತ್ತಾರೆ, ಬೈಕು ತಿರುಗಿಸುತ್ತಾರೆ, ಮುಖ ಆಚೆ ಮಾಡಿಕೊಂಡು ಹೋಗುತ್ತಾರೆ. ಒಂದು ಸಲ ನಮ್ಮ ಮನೆಯ ಮಾಲಕಿ ಶರಣಮ್ಮ, “ಅಕ್ಕೋರ, ಮನ್ಯಾಗ ಪಾಯಖಾನಿ ಏನರ ಕಟ್ಟ್ಯಾದೇನ್ರಿ? ಹೇಳ್ರಲ, ರಿಪೇರಿ ಮಾಡಿಸ್ತೀನಿ” ಎಂದು ಗುಟ್ಟಾಗಿ ಕೇಳಿದರು. ಯಾರೋ ನೋಡಿ ಹೇಳಿದ್ದರಂತೆ. ನಾನು ಜೇನು ನೋಡಲು ಹೋಗುತ್ತೇನೆ ಎಂದೆ. ಆಕೆ ನಂಬಲಿಲ್ಲ. ಮರುದಿನವೇ ಒಬ್ಬ ಪ್ಲಂಬರನನ್ನು ಕಳಿಸಿಕೊಟ್ಟರು.

ಈ ಕಾಲುವೆಯ ದಾರಿಯಲ್ಲಿ ನಾನು ಜೇನಿನ ಹಿಂದೆ ತೆವಳುತ್ತಿರುವಾಗ ನನ್ನನ್ನು ದಾಟಿ ಓಡುತ್ತಿದ್ದವಳು ಶರಣಮ್ಮನ ಸೊಸೆ ರೇಣುಕಾ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ. ಪೊಲೀಸ್ ಕಾನ್ಸ್‌ಟೇಬಲ್ ಆಗಬೇಕೆಂಬುದು ಆಕೆಯ ಆಸೆ. ಬರೆಯುವ ಪರೀಕ್ಷೆಯನ್ನು ಹೇಗೋ ದಾಟಿದ್ದಳು, ಇನ್ನು ಓಡುವ, ಜಿಗಿಯುವ, ಗುಂಡು ಎಸೆಯುವ ಪರೀಕ್ಷೆ ಬಾಕಿ ಇತ್ತು. ಅದಕ್ಕೆ ಗಂಡನ ಶೂ ಹಾಕಿಕೊಂಡು, ಮುಂದೆ ಬಟ್ಟೆ ತುರುಕಿ, ಚೂಡಿದಾರದ ಮೇಲೆ ಆತನ ಶರ್ಟು ತೊಟ್ಟು ಓಡುತ್ತಿದ್ದಳು. ಮಗ ಹೂಂ ಎಂದದ್ದಕ್ಕೆ ಶರಣಮ್ಮ ಸುಮ್ಮನಿದ್ದರು. “ಕೂಸು ಆಗೋ ತನ ಓಡ್ಲಿ ಬಿಡ್ರಿ, ಆಮ್ಯಾಲ ತಾನ ಕುಂದರ್ತಾಳ” ಎಂಬುದು ಅವರ ಲೆಕ್ಕಾಚಾರ.

ಇನ್ನು ನನ್ನ ವಿಷಯ. ನಮಗೆ ಮಕ್ಕಳಿಲ್ಲ. ಇದನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತೇನೆ, ಯಾಕೆಂದರೆ ಉಳಿದವರು ಇದನ್ನು ಒಂದೇ ವಾಕ್ಯದಲ್ಲಿ ಹೇಳುವುದಿಲ್ಲ. ಹರಕೆ, ಉಪವಾಸ, ನಾಟಿ ಔಷಧಿ ಎಲ್ಲ ಆಯಿತು. ಆಮೇಲೆ ಕಲಬುರಗಿಯ ಒಂದು ಆಸ್ಪತ್ರೆಗೆ ಹೋಗಿ ಬಂದು, ಹೋಗಿ ಬಂದು, ನನ್ನ ತೋಳಿನಲ್ಲಿ ಸೂಜಿ ಚುಚ್ಚಲು ಜಾಗ ಉಳಿಯಲಿಲ್ಲ. ಪ್ರತಿ ಸಲ ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ, ಅವರು ದಾರಿಯ ಕಡೆ ಕುಳಿತು, ಇಬ್ಬರೂ ನಿದ್ದೆ ಬಂದವರ ಹಾಗೆ ನಟಿಸುತ್ತಿದ್ದೆವು. ಈ ಸಂಕ್ರಾಂತಿಗೆ ಸಾಕು ಎಂದು ನಾನೇ ಹೇಳಿದೆ. ಅವರೂ ಸಾಕು ಎಂದರು. ಈ ನಿರ್ಧಾರ ನಮ್ಮಿಬ್ಬರ ನಡುವೆಯೇ ಉಳಿಯಿತು. ಸುರಪುರದಲ್ಲಿದ್ದ ಅತ್ತೆಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ನೀವೇ ಹೇಳಿ ಎಂದು ನಾನು, ನೀನೇ ಹೇಳು ಎಂದು ಅವರು, ಹೀಗೆ ಶಿವರಾತ್ರಿ ಬಂತು.

ಶಿವರಾತ್ರಿ ಕಳೆದ ಕೆಲವೇ ದಿನಗಳಲ್ಲಿ ಕುಂಬಾರ ಹುಳ ಬಂತು. ಕಣಜದ ಜಾತಿ. ಮೈ ಕಪ್ಪು, ಕಾಲು ಹಳದಿ, ಸೊಂಟ ನೂಲಿನಷ್ಟು. ಹಸಿ ಮಣ್ಣನ್ನು ಉಂಡೆ ಮಾಡಿ ಬಾಯಲ್ಲಿ ಹಿಡಿದು ತಂದು ಗೋಡೆಗೆ ಮೆತ್ತಿ ಕೋಣೆ ಕಟ್ಟುತ್ತದೆ, ಜೇಡಗಳನ್ನು ಕುಟುಕಿ ಮೂರ್ಛೆಗೊಳಿಸಿ ಒಳಗೆ ತುಂಬುತ್ತದೆ, ಮೊಟ್ಟೆ ಇಟ್ಟು ಬಾಗಿಲು ಮುಚ್ಚುತ್ತದೆ, ಮತ್ತೆ ಹೊರಳಿ ನೋಡುವುದಿಲ್ಲ. ಮಕ್ಕಳನ್ನು ಬೆಳೆಸಲು ಇದಕ್ಕಿಂತ ಸುಲಭ ದಾರಿ ನಾನು ಕಂಡಿಲ್ಲ. ನಾವಿರುವ ಮನೆ ಒಂದೇ ಕಟ್ಟಡದ ಎರಡು ಭಾಗ. ಒಂದರಲ್ಲಿ ಶರಣಮ್ಮನ ಸಂಸಾರ, ಇನ್ನೊಂದರಲ್ಲಿ ನಾವು. ಮುಂದೆ ಇಬ್ಬರಿಗೂ ಸೇರಿದ ಫರ್ಸಿಕಲ್ಲಿನ ಒಂದು ಕಟ್ಟೆ. ಎರಡೂ ಬಾಗಿಲುಗಳ ನಡುವೆ ಒಂದು ತುಂಡು ಗೋಡೆ. ಇಡೀ ಶಹಾಪುರ ಬಿಟ್ಟು ಈ ಹುಳ ಆ ತುಂಡು ಗೋಡೆಯನ್ನೇ ಆರಿಸಿಕೊಂಡಿತು, ಅದೂ ಸರಿಯಾಗಿ ನಡುವೆ. ನಾನು ಖುಷಿಯಿಂದ ಫೋಟೋ ತೆಗೆದೆ.

ಆ ಖುಷಿ ಒಂದು ದಿನ ಬಾಳಿತು. ನಮ್ಮ ಕಡೆ ಕುಂಬಾರ ಹುಳ ಮನೆಯಲ್ಲಿ ಗೂಡು ಕಟ್ಟಿದರೆ ಆ ಮನೆಯ ಹೆಂಗಸು ಬಸುರಿಯಾಗುತ್ತಾಳೆ ಎಂಬ ನಂಬಿಕೆ ಇದೆ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹುಳದ ಸೊಂಟ ನೋಡುವ ಭರದಲ್ಲಿ ಅದನ್ನು ಮರೆತಿದ್ದೆ. ನಮ್ಮವರು ರಾತ್ರಿ ಊಟ ಮಾಡುತ್ತಾ ತಾಯಿಯ ಜೊತೆ ಫೋನಿನಲ್ಲಿ ಮಾತಾಡುವಾಗ, ಬೇರೆ ಮಾತು ಸಿಗದೆ, “ಯವ್ವಾ, ಇಲ್ಲೊಂದ್ ಹುಳ ಮಣ್ಣ ತಂದು ಗ್ವಾಡಿ ಹೊಲಸ ಮಾಡಾಕತ್ತದ” ಎಂದುಬಿಟ್ಟರು. ಆ ಕಡೆಯಿಂದ ಕೂಡಲೇ, “ಯಾರೂ ಅದನ್ನ ಮುಟ್ಟಬ್ಯಾಡ್ರಿ” ಎಂಬ ಆಜ್ಞೆ ಬಂತು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅತ್ತೆ ಬಂದಿಳಿದರು. ಕೈಚೀಲದಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮತ್ತೆ ಕುಪ್ಪಸಕ್ಕೆಂದು ಒಂದು ಹಸಿರು ಖಣ. ಬಸುರಿಗೆ ಕುಬಸ ಮಾಡುವಾಗ ಕೊಡುವಂಥ ಖಣ ಅದು. ನನ್ನ ಮುಖ ನೋಡುವ ಮೊದಲು ಗೋಡೆಯ ಮುಖ ನೋಡಿದರು.

“ಎರಿ ಮಣ್ಣ ಅದ ನೋಡು,” ಎಂದರು ಅತ್ತೆ, ಗೂಡಿನಿಂದ ಉದುರಿದ ಕರಿ ಚೂರನ್ನು ಬೆರಳಲ್ಲಿ ಉಜ್ಜಿ. “ಕೆಂಪ ಮಸಾರಿ ತಂದಿದ್ರ ಹೆಣ್ಣ. ಎರಿ ತಂದಾದ. ಗಂಡ ಹುಟ್ತಾನ.”

“ಅದು ನಮ್ಮ ಬಚ್ಚಲದ ಮುಂದಿನ ಮಣ್ಣರಿ ಅವ್ವಾರ,” ಎಂದು ಪಕ್ಕದ ಬಾಗಿಲಿನಿಂದ ದನಿ ಬಂತು. ಶರಣಮ್ಮ. ಸೊಂಟದ ಮೇಲೆ ಕೈ. “ನಮ್ಮ ನಳದ ಬಾಜೂಕ ಕುಂತು ಉಂಡಿ ಕಟ್ಟೋದ ನಾ ಕಣ್ಣಾರೆ ನೋಡೀನಿ. ಮಣ್ಣ ನಮ್ದು, ಗ್ವಾಡಿ ನಮ್ದು. ನಮ್ಮ ಮಾವ ಕಟ್ಟಿಸಿದ್ದು.”

“ಬಾಡಿಗಿ ಕೊಡೋ ತನ ಗ್ವಾಡಿ ನಮ್ದ,” ಎಂದರು ಅತ್ತೆ.

“ಒಳಗಿನ ಗ್ವಾಡಿ ನಿಮ್ದರಿ. ಹೊರಗಿಂದು ನಮ್ದು.”

“ಹುಳ ಗ್ವಾಡಿ ನೋಡಿ ಬರ್ತದೇನ್ ತಂಗಿ? ಮಂದಿ ನೋಡಿ ಬರ್ತದ.”

ಅತ್ತೆ ಅಲ್ಲಿಗೇ ನಿಲ್ಲಿಸಲಿಲ್ಲ. ನಮ್ಮ ಬಾಗಿಲಿನ ಚೌಕಟ್ಟಿಗೆ ಹೆಬ್ಬೆರಳು ಒತ್ತಿ ಗೂಡಿನವರೆಗೆ ಗೇಣು ಹಾಕಿದರು. ಶರಣಮ್ಮ ಆ ಕಡೆಯಿಂದ ಹಾಕಿದರು. ಶರಣಮ್ಮನ ಗೇಣು ದೊಡ್ಡದು, ಆದ್ದರಿಂದ ಗೂಡು ಅವರಿಗೆ ಹತ್ತಿರವಾಯಿತು. ಅದು ಮೋಸ ಎಂದರು ಅತ್ತೆ. ಇಬ್ಬರೂ ಸೇರಿ ಒಂದು ದಾರ ತಂದು ಅಳೆದರು. ಹುಳ ನಡುವೆ ನಡುವೆ ಬಂದು ಇವರಿಬ್ಬರ ತಲೆಯ ಮೇಲೆ ಸುತ್ತು ಹಾಕಿ, ಜಾಗ ಬಿಡುತ್ತಾರೋ ಇಲ್ಲವೋ ಎಂದು ನೋಡಿ ಹೋಗುತ್ತಿತ್ತು. ನಾನು ಶಾಲೆಗೆ ಹೊರಟವಳು ಡಬ್ಬಿ ಹಿಡಿದು ನಿಂತೇ ಇದ್ದೆ. ಜಗಳ ನನ್ನ ಹೊಟ್ಟೆಯ ಬಗ್ಗೆ, ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ನಗು ಬರಬೇಕಿತ್ತು. ಬಸ್ಸಿನಲ್ಲಿ ಕುಳಿತ ಮೇಲೆ ಅಳು ಬಂತು. ಪಕ್ಕದಲ್ಲಿ ಕುಳಿತಿದ್ದ ಮುದುಕಿ, “ಕಣ್ಣಾಗ ಧೂಳ ಹೋತೇನವ್ವ” ಎಂದು ಸೆರಗಿನ ತುದಿ ಕೊಟ್ಟಳು.

ಆ ವಾರ ಪೂರ್ತಿ ನಾನು ಗಾಜಿನ ಸಾಮಾನಾಗಿಬಿಟ್ಟೆ. ಕೊಡ ಎತ್ತುವಂತಿಲ್ಲ, ಬಗ್ಗುವಂತಿಲ್ಲ, ಪಪ್ಪಾಯಿಯ ಹೆಸರೂ ಎತ್ತುವಂತಿಲ್ಲ. ಅತ್ತೆ ಬೆಳಿಗ್ಗೆ ಎದ್ದು ಮೊದಲು ಗೂಡಿಗೆ, ಆಮೇಲೆ ದೇವರಿಗೆ ಕೈ ಮುಗಿಯುತ್ತಿದ್ದರು. “ಆಸ್ಪತ್ರಿಗೆ ಯಾವಾಗ ಹೊಂಟೀರಿ?” ಎಂದು ಮೆಲ್ಲಗೆ ಕೇಳುತ್ತಿದ್ದರು. ನಾನು ನಮ್ಮವರ ಕಡೆ ನೋಡುತ್ತಿದ್ದೆ, ಅವರು ಪೇಪರಿನ ಕಡೆ ನೋಡುತ್ತಿದ್ದರು. ಕೆಟ್ಟ ಅತ್ತೆಯಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಎದುರುತ್ತರ ಕೊಟ್ಟು ಮುಗಿಸಬಹುದಿತ್ತು. ನನ್ನ ತಲೆಗೆ ಎಣ್ಣೆ ಹಚ್ಚಿ ತಿಕ್ಕುವವರಿಗೆ ಏನೆಂದು ಉತ್ತರ ಕೊಡುವುದು? ಆ ಬೆರಳುಗಳ ಕೆಳಗೆ ತಲೆ ಕೊಟ್ಟು ಕುಳಿತು ನಾನು ಮನಸ್ಸಿನಲ್ಲಿ ಆ ಹುಳಕ್ಕೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ.

ಗೋಡೆಯ ಆಚೆ ಇನ್ನೊಂದು ನಾಟಕ ನಡೆದಿತ್ತು. ಶರಣಮ್ಮ ಸೊಸೆಯ ಶೂಗಳನ್ನು ಅಟ್ಟದ ಮೇಲೆ ಇಟ್ಟುಬಿಟ್ಟರು. “ನಾಳಿಂದ ಓಡೋದು ಗೀಡೋದು ಬಂದ್. ಮನ್ಯಾಗ ಹುಳ ಗೂಡ ಕಟ್ಟ್ಯಾದ, ನೀ ಹೊರಗ ಜಿಗದಾಡಾಕತ್ತಿ” ಎಂದು ಅವರು ಹೇಳಿದ್ದು ನಮ್ಮ ಅಡುಗೆಮನೆಯವರೆಗೆ ಕೇಳಿಸಿತು. ಮಗ ಏನೋ ಗೊಣಗಿದ. “ನಿನಗೇನ್ ತಿಳೀತದ, ಸುಮ್ಕಿರು” ಎಂದು ಅವನ ಬಾಯಿ ಮುಚ್ಚಿಸಿದರು. ಓಟದ ಪರೀಕ್ಷೆ ಹತ್ತಿರ ಬಂದಿತ್ತು. ಈ ವರ್ಷ ತಪ್ಪಿದರೆ ಮತ್ತೆ ಯಾವಾಗ ಕರೆಯುತ್ತಾರೋ, ಕರೆದಾಗ ಕಂಕುಳಲ್ಲಿ ಎಷ್ಟು ಮಕ್ಕಳಿರುತ್ತವೆಯೋ ಎಂದು ರೇಣುಕಾಗೆ ಗೊತ್ತಿತ್ತು. ಒಬ್ಬ ಹುಡುಗಿಯ ಓಟವನ್ನು ನಿಲ್ಲಿಸಲು ಗಂಡಸರು ಬೇಕಾಗಲಿಲ್ಲ, ಕಾನೂನು ಬೇಕಾಗಲಿಲ್ಲ, ಒಂದು ಹಿಡಿ ಹಸಿ ಮಣ್ಣು ಸಾಕಾಯಿತು.

ಭಾನುವಾರ ಮಧ್ಯಾಹ್ನ ಹಿರಿಯರಿಬ್ಬರೂ ಮಲಗಿದ್ದಾಗ ರೇಣುಕಾ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ನಾನು ಪಾತ್ರೆ ತಿಕ್ಕುತ್ತಿದ್ದೆ. ಬಂದವಳೇ ನನ್ನ ಬೂದಿ ಕೈ ಹಿಡಿದುಕೊಂಡಳು.

“ಅಕ್ಕಾ, ನಿಮ್ಮ ಕಾಲ ಬೀಳ್ತೀನಿ. ಅದು ಕುಂಬಾರ ಹುಳ ಅಲ್ಲ ಅಂತ ಒಂದ್ ಮಾತ ಹೇಳಿಬಿಡ್ರಿ.”

“ಹ್ಯಾಂಗ ಹೇಳ್ಲಿ? ಅದು ಕುಂಬಾರ ಹುಳಾನ ಅದಲ್ಲ.”

“ನನಗೂ ಗೊತ್ತದರಿ. ನೀವು ಅಲ್ಲ ಅಂದ್ರ ನಂಬತಾರ. ಹುಳದ ಅಕ್ಕೋರ ಹೇಳ್ಯಾರ ಅಂದ್ರ ಮುಗೀತು.”

“ಇಷ್ಟ ವರ್ಷ ಬರೀ ಖರೇನ ಹೇಳೀನಿ. ಒಬ್ಬರೂ ನಂಬಿಲ್ಲ.”

“ಖರೇ ಹೇಳೀರಿ, ಅದಕ್ಕ ನಂಬಿಲ್ಲ,” ಎಂದಳು ರೇಣುಕಾ. ಆಮೇಲೆ ತಲೆ ತಗ್ಗಿಸಿ, “ನನಗ ಈಗ ಬ್ಯಾಡರಿ ಅಕ್ಕಾ. ಆಮ್ಯಾಲ ಆಗ್ಲಿ. ಈಗ ಬ್ಯಾಡ” ಎಂದಳು.

ನಿಜ ಹೇಳಬೇಕೆಂದರೆ ನನಗೆ ಆಕೆಯ ಕೆನ್ನೆಗೆ ಒಂದು ಬಿಗಿಯಬೇಕು ಅನ್ನಿಸಿತು. ನನಗೆ ಬೇಕೆಂದರೂ ಸಿಗದ್ದನ್ನು, ಬೇಡ ಎಂದು ಹೇಳಲು ಈಕೆಗೆ ನನ್ನ ಹಿತ್ತಲೇ ಬೇಕಾಯಿತೇ? ಊರಲ್ಲಿ ಬೇರೆ ಬಾಗಿಲು ಇರಲಿಲ್ಲವೇ? ಆಕೆಗೆ ಬೈಯಲು ಬಾಯಿ ತೆರೆದೆ. ಆಕೆಯ ಪಾದದ ಕಡೆ ಕಣ್ಣು ಹೋಯಿತು. ದೊಡ್ಡ ಶೂ ಉಜ್ಜಿ ಉಜ್ಜಿ ಹಿಮ್ಮಡಿಯ ಮೇಲೆ ಆದ ಗಾಯಗಳು ಒಣಗಿ ಕಪ್ಪಾಗಿದ್ದವು. ಬೇಕು ಎನ್ನುವುದು ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಆಕೆಗೆ ಬೇಕಾದದ್ದು ಬೇರೆ, ಅಷ್ಟೇ. ಏನಾದರೂ ಮಾಡುತ್ತೇನೆ ಹೋಗು ಎಂದು ಗದರಿಸಿ ಕಳಿಸಿದೆ. ಪಾತ್ರೆಯನ್ನು ಎಷ್ಟು ತಿಕ್ಕಿದೆನೆಂದರೆ ಅದರ ಮೇಲೆ ಕೆತ್ತಿಸಿದ್ದ ನಮ್ಮವರ ಹೆಸರು ಮಸುಕಾಯಿತು.

ಇಲ್ಲಿ ನನ್ನ ಸಂಕಟ ಓದುವವರಿಗೆ ಅರ್ಥವಾಗಬೇಕು. ನಾನು ಹುಳದ ವಿಷಯದಲ್ಲಿ ಸುಳ್ಳು ಹೇಳಿದವಳಲ್ಲ. ಊಟ ಆಯಿತೇ ಎಂದರೆ ಆಗದಿದ್ದರೂ ಆಯಿತು ಎನ್ನುತ್ತೇನೆ, ಹೆಡ್‌ಮಾಸ್ತರರ ಮಗಳ ಹಾಡು ಚೆನ್ನಾಗಿತ್ತು ಎನ್ನುತ್ತೇನೆ. ಆದರೆ ಕಣಜವನ್ನು ಜೇನು ಎಂದವಳಲ್ಲ. ಯಾವುದೋ ಮದುವೆಯಲ್ಲಿ ಬೀಗರೊಬ್ಬರು ಹೂವಿನ ಮೇಲಿನ ನೊಣವನ್ನು ಜೇನು ಎಂದಾಗ, ನಾನು ಊಟದ ಪಂಕ್ತಿಯಿಂದ ಎದ್ದು ಹೋಗಿ ಎರಡೇ ರೆಕ್ಕೆ ಎಂದು ತೋರಿಸಿ ಬಂದಿದ್ದೇನೆ. ಹೋಳಿಗೆ ತಪ್ಪಿತು, ಆದರೆ ಹೆಸರು ತಪ್ಪಲಿಲ್ಲ. ನನ್ನದು ಎಂದು ಹೇಳಿಕೊಳ್ಳಲು ಈ ಊರಿನಲ್ಲಿ ನನಗಿರುವುದು ಇದೊಂದೇ ಜಂಬ. ಈಗ ಅದನ್ನೂ ಕೊಡಬೇಕಾಗಿ ಬಂತು.

ಸಂಜೆ ಚಹಾದ ಹೊತ್ತಿಗೆ ಕಟ್ಟೆಯ ಮೇಲೆ ಮತ್ತೆ ಗೋಡೆಯ ವ್ಯಾಜ್ಯ ಶುರುವಾಗಿತ್ತು. ನಾನು ಒಳಗಿನಿಂದ ಭೂತಗನ್ನಡಿ ತಂದೆ. ಶಾಲೆಯ ಭೂತಗನ್ನಡಿ. ಅದರ ಹಿಡಿಕೆಯ ಮೇಲೆ ಬಣ್ಣದಲ್ಲಿ ಶಾಲೆಯ ಹೆಸರು ಬರೆದಿದೆ, ಆದ್ದರಿಂದ ಅದಕ್ಕೊಂದು ಸರ್ಕಾರಿ ಕಳೆ. ಹುಳ ಆಗ ತಾನೇ ಬಂದು ಹೊಸ ಕೋಣೆಯ ಬಾಯಿಗೆ ಮಣ್ಣು ಮೆತ್ತುತ್ತಿತ್ತು. ಬಹಳ ಹೊತ್ತು ನೋಡಿದೆ. ಇಬ್ಬರೂ ಎದ್ದು ನನ್ನ ಹಿಂದೆ ಬಂದು ನಿಂತರು. ರೇಣುಕಾ ತನ್ನ ಬಾಗಿಲಲ್ಲಿ ಅಕ್ಕಿಯ ಮೊರ ಹಿಡಿದು ನಿಂತಳು, ಕೈ ಆಡುತ್ತಿರಲಿಲ್ಲ.

“ಇದು ಕುಂಬಾರ ಹುಳ ಅಲ್ಲ,” ಎಂದೆ.

“ಏನಂದಿ?” ಎಂದರು ಅತ್ತೆ.

“ಕಾಲ ನೋಡ್ರಿ, ಹಳದಿ ಅವ. ಕುಂಬಾರ ಹುಳಕ್ಕ ಕಾಲ ಕಪ್ಪ ಇರ್ತಾವ. ಇದು ಮಣ್ಣಜೇನು. ಜೇನಿನ ಜಾತಿ. ಇದಕ್ಕೂ ಬಸುರಿಗೂ ಏನೂ ಸಂಬಂಧ ಇಲ್ಲ.”

ಕಾಲು ಹಳದಿ ಎಂಬುದನ್ನೂ ಕೊನೆಯ ಮಾತನ್ನೂ ಬಿಟ್ಟರೆ ಉಳಿದದ್ದೆಲ್ಲ ಸುಳ್ಳು. ನನ್ನ ದನಿ ಮಾತ್ರ ಪಾಠ ಮಾಡುವ ದನಿಯ ಹಾಗೆಯೇ ಇತ್ತು. ಶರಣಮ್ಮ ಭೂತಗನ್ನಡಿ ಕಸಿದುಕೊಂಡು ನೋಡಿದರು. “ಹೌದಲ್ರಿ, ಹಳದಿ ಅವ!” ಎಂದರು. ಇಷ್ಟು ವರ್ಷ ನಾನು ಬೇವಿನ ಕೆಳಗೆ, ಕಾಲುವೆಯ ಏರಿಯ ಮೇಲೆ, ಮದುವೆ ಮನೆಗಳಲ್ಲಿ ಹೇಳಿದ ಒಂದು ನಿಜವನ್ನೂ ನಂಬದವರು ಈ ಒಂದು ಸುಳ್ಳನ್ನು ನೀರು ಕುಡಿದಷ್ಟು ಸಲೀಸಾಗಿ ನಂಬಿದರು. ಅದೊಂದು ಹೊಸ ಹೊಟ್ಟೆಯುರಿ.

ಅತ್ತೆ ಭೂತಗನ್ನಡಿ ಮುಟ್ಟಲಿಲ್ಲ. ಹುಳವನ್ನೂ ನೋಡಲಿಲ್ಲ. ನನ್ನನ್ನು ನೋಡಿದರು. “ನಾವು ದವಾಖಾನಿ ಬಿಟ್ಟೀವ್ರಿ ಅತ್ತಿ, ಸಂಕ್ರಾಂತಿಗೇನ ಬಿಟ್ಟೀವಿ” ಎಂದೆ. ಅದನ್ನೂ ಆಗಲೇ ಹೇಳಿಬಿಡಬೇಕು ಅನ್ನಿಸಿತು, ಒಂದೇ ಏಟಿಗೆ ಎರಡೂ ಮುಗಿಯಲಿ ಎಂದು. ಶರಣಮ್ಮನಂಥ ಶರಣಮ್ಮನೂ ಒಳಗೆ ಹೋದರು. ಅತ್ತೆ ಕಟ್ಟೆಯ ಮೇಲೆ ಕುಳಿತು ಚಹಾದ ಬಟ್ಟಲನ್ನು ತಿರುವುತ್ತಾ, “ಎಲ್ಡ ತಿಂಗಳಾತು, ನನಗ ಯಾಕ ಹೇಳ್ಲಿಲ್ಲ?” ಎಂದಷ್ಟೇ ಕೇಳಿದರು. ಮರುದಿನ ಬೆಳಿಗ್ಗೆ ಹೊರಟು ನಿಂತಾಗ ಹಸಿರು ಖಣವನ್ನು ನನ್ನ ಕೈಗೆ ಕೊಟ್ಟರು. “ಇದನ್ನ ಹೊಳ್ಳಿ ಒಯ್ದ ಏನ್ ಮಾಡ್ಲಿ. ಕುಪ್ಪಸ ಹೊಲಿಸ್ಕೊ, ಸಾಲಿಗಿ ಹಾಕ್ಕೊಂಡ ಹೋಗು” ಎಂದರು. ಬಸ್ಸು ಹೊರಡುವವರೆಗೂ ಕಿಟಕಿಯಿಂದ ನನ್ನ ಕೈ ಹಿಡಿದಿದ್ದರು. ನನಗೆ ಆಗ ಬೇಕಾಗಿದ್ದದ್ದು ಒಂದು ಒಳ್ಳೆಯ ಬೈಗುಳ. ಅದನ್ನು ಅವರು ಕೊಡಲಿಲ್ಲ.

ವಾಪಸು ಬಂದರೆ ಶರಣಮ್ಮ ಗೂಡಿಗೆ ಅರಿಸಿನ ಕುಂಕುಮ ಹಚ್ಚಿದ್ದರು. ಯಾಕ್ರಿ ಎಂದೆ. “ಜೇನ ಅಂದ್ರ ಲಕ್ಷ್ಮಿ ಅಲ್ಲೇನ್ರಿ ಅಕ್ಕೋರ? ಮನಿಗಿ ಜೇನ ಬಂದ್ರ ಬರಕತ್ತ ಬರ್ತದ. ಈಗ ಗ್ವಾಡಿ ನಮ್ದೇರಿ, ಅದಕ್ಕ ನೀವ್ಯಾರೂ ಏನೂ ಅನ್ನಬ್ಯಾಡ್ರಿ” ಎಂದ ಅವರು, ಲಕ್ಷ್ಮಿ ಬರುವ ಹೊತ್ತಿಗೆ ಮನೆಯಲ್ಲಿ ಸರ್ಕಾರಿ ನೌಕರಿ ಒಂದಿದ್ದರೆ ಚಲೋ ಎಂದು ಸೊಸೆಯ ಶೂಗಳನ್ನು ಅಟ್ಟದಿಂದ ತಾವೇ ಇಳಿಸಿಕೊಟ್ಟಿದ್ದರು. ರೇಣುಕಾ ಆಗಲೇ ಕಾಲುವೆಯ ಕಡೆ ಓಡಿದ್ದಳು. ನನ್ನ ಸುಳ್ಳಿಗೆ ಇಷ್ಟು ಬೇಗ ಫಲ ಸಿಕ್ಕಿದ್ದನ್ನು ನೋಡಿ, ಇನ್ನು ಮುಂದೆ ವಿಜ್ಞಾನವನ್ನು ಇದೇ ಪದ್ಧತಿಯಲ್ಲಿ ಕಲಿಸಿದರೆ ಹೇಗೆ ಎಂಬ ಯೋಚನೆಯೂ ಬಂತು.

ಆಫೀಸಿನ ಕೆಲಸಕ್ಕೆಂದು ಭಾನುವಾರ ಬೆಳಿಗ್ಗೆಯೇ ಯಾದಗಿರಿಗೆ ಹೋಗಿ ರಾತ್ರಿ ಅಲ್ಲೇ ಉಳಿದಿದ್ದ ನಮ್ಮವರು ಸಂಜೆ ಬಂದರು. ಚಹಾ ಕುಡಿಯುತ್ತಾ ಎಲ್ಲವನ್ನೂ ಕೇಳಿದರು. ತಾಯಿಯ ಮಾತು ಬಂದಾಗ ಬಟ್ಟಲೊಳಗೆ ಕಣ್ಣಿಟ್ಟರು, ಶರಣಮ್ಮನ ಲಕ್ಷ್ಮಿಯ ಸುದ್ದಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂಥ ನಂಬಿಕೆಗಳ ಬಗ್ಗೆ ಅವರದು ಯಾವತ್ತೂ ನಗುವೇ. ಬೆಕ್ಕು ಅಡ್ಡ ಬಂದರೆ ಬೇಕೆಂದೇ ದಾಟಿ ಹೋಗುವವರು, ಅಮಾವಾಸ್ಯೆಯ ದಿನ ಹುಡುಕಿಕೊಂಡು ಹೋಗಿ ಕ್ಷೌರ ಮಾಡಿಸಿಕೊಳ್ಳುವವರು. ಬಟ್ಟಲು ಕೆಳಗಿಟ್ಟು, “ಹಂಗಾದ್ರ ಅದು ಖರೇನ ಮಣ್ಣಜೇನೇನು?” ಎಂದರು.

“ಮಣ್ಣಜೇನು ಇಲ್ಲ, ಮಣ್ಣೂ ಇಲ್ಲ. ಕುಂಬಾರ ಹುಳಾನ ಅದು. ಆ ಹುಡುಗಿ ಸಲುವಾಗಿ ಸುಳ್ಳ ಹೇಳ್ದೆ.”

ಅವರು ಎದ್ದು ಹೊರಗೆ ಹೋದರು. ಬಹಳ ಹೊತ್ತಾದರೂ ಬರಲಿಲ್ಲ. ಬಾಗಿಲಿಗೆ ಬಂದು ನೋಡಿದರೆ, ಅರಿಸಿನ ಕುಂಕುಮ ಹಚ್ಚಿಕೊಂಡ ಗೂಡಿನ ಮುಂದೆ ಕೈ ಕಟ್ಟಿ ನಿಂತಿದ್ದರು. ಆಫೀಸಿನ ಬಟ್ಟೆ ಕೂಡ ಬದಲಾಯಿಸಿರಲಿಲ್ಲ. ನಾನು ಬಂದದ್ದು ತಿಳಿದು, ನನ್ನ ಕಡೆ ತಿರುಗದೆ, “ಸ್ವಲ್ಪ ದಿವಸ ತಡದು ಹೇಳಿದ್ರ ನಡೀತಿತ್ತೇನೋ” ಎಂದರು. ಆಮೇಲೆ ಇನ್ನೂ ಮೆಲ್ಲಗೆ, “ಈಗ ನೀ ಜೇನ ಅಂದುಬಿಟ್ಟಿ” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಓದಿದ ಗಂಡಸು, ಆಫೀಸಿನಲ್ಲಿ ಎಲ್ಲರ ಮೂಢನಂಬಿಕೆಗೂ ನಗುವ ಗಂಡಸು, ಒಂದು ಕಣಜದ ಮುಂದೆ ಹೀಗೆ ನಿಲ್ಲುವುದೇ? ಒಂದು ಗೂಡಿನೊಳಗೆ ಏನಿರುತ್ತದೆ, ಅದು ಯಾಕೆ ಗೋಡೆ ಹುಡುಕುತ್ತದೆ, ಮಣ್ಣಿಗೂ ಮನುಷ್ಯರ ಹೊಟ್ಟೆಗೂ ಯಾಕೆ ಸಂಬಂಧವಿಲ್ಲ ಎಂದು ಒಂದು ಪೂರ್ತಿ ಪಾಠ ಮಾಡಬೇಕೆಂದು ಬಾಯಿ ತೆರೆದೆ.

“ನಾ ಜೇನ ಅಂದದ್ದು ಮಂದಿಗಿ,” ಎಂದೆ. “ಹುಳಕ್ಕೇನ ಹೇಳಿಲ್ಲಲ್ಲ.”

ಅವರು ತಿರುಗಿ ನನ್ನನ್ನು ನೋಡಿದರು. “ಹೌದಲ್ಲ, ಅದೂ ಖರೇನ,” ಎಂದು ಸಮಾಧಾನದಿಂದ ಒಳಗೆ ಬಂದು ಕೈಕಾಲು ತೊಳೆದುಕೊಂಡರು. ನನಗೂ ಸಮಾಧಾನವಾಯಿತು. ದೀಪ ಹಚ್ಚುವ ಹೊತ್ತಿಗೆ ಶರಣಮ್ಮ ಗೂಡಿನ ಪಕ್ಕ ಮೊಳೆ ಹೊಡೆದು ಲಕ್ಷ್ಮಿಯ ಫೋಟೋ ಹಾಕಲು ಸುತ್ತಿಗೆ ತಂದರು. ಮೊಳೆ ಹೊಡೆಯಬೇಡಿ, ಗೋಡೆ ಅದುರಿ ಗೂಡು ಉದುರುತ್ತದೆ ಎಂದು ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಆಕೆಯ ಕೈಯಿಂದ ಸುತ್ತಿಗೆ ಬಿತ್ತು.